ಕಮಿಟ್ ಮೆಸೇಜಿನಲ್ಲಿ ‘ಯಾಕೆ’ ಬರೆಯಿರಿ

ಕೋಡಿನ ಇತಿಹಾಸ ಇಡುವ ಗಿಟ್ ಎಂಬ ಸಾಫ್ಟ್‌ವೇರಿನಲ್ಲಿ ದಾಖಲಿಸಿದ ಪ್ರತಿ ಬದಲಾವಣೆ ಒಂದು ಕಮಿಟ್, ಅದರ ಜೊತೆ ಬರೆಯುವ ಟಿಪ್ಪಣಿ ಕಮಿಟ್ ಮೆಸೇಜ್. ಏನು ಬದಲಾಯಿತು ಎಂದು ಡಿಫ್ (ಹಳೆಯ, ಹೊಸ ಸಾಲುಗಳ ವ್ಯತ್ಯಾಸ) ನೋಡಿದರೆ ಗೊತ್ತಾಗುತ್ತದೆ. ಯಾಕೆ ಬದಲಾಯಿತು ಎಂದು ಹೇಳಲು ಕಮಿಟ್ ಮೆಸೇಜಿನಷ್ಟು ಭದ್ರವಾದ ಬೇರೆ ಜಾಗವಿಲ್ಲ. ಚಾಟ್‌ನಲ್ಲಿ ಆಡಿದ ಮಾತು ಹುಡುಕಿದರೆ ಸಿಗುವುದಿಲ್ಲ, ಟಿಕೆಟ್ (ಕೆಲಸ, ದೋಷಗಳ ದಾಖಲೆ) ಇಡುವ ಸಾಫ್ಟ್‌ವೇರ್ ಬದಲಾಗುತ್ತದೆ, ಕೋಡ್ ಬರೆದವರು ಕೆಲಸ ಬಿಟ್ಟು ಹೋಗಿರುತ್ತಾರೆ. ಮೆಸೇಜ್ ಮಾತ್ರ ಕೋಡಿನ ಜೊತೆಗೇ ಉಳಿಯುತ್ತದೆ. ನಾನು ಬೇರೆಯವರ ಕೋಡ್ ರಿವ್ಯೂ ಮಾಡುವಾಗ ಮೊದಲು ಓದುವುದೂ ಅದನ್ನೇ.

ಒಂದು ಉದಾಹರಣೆ ನೋಡಿ. ಒಂದು ಫೈಲಿನಲ್ಲಿ 30 ಎಂದಿದ್ದದ್ದು 90 ಆಗಿದೆ. ಮೆಸೇಜ್: ‘ಟೈಮ್‌ಔಟ್ ಫಿಕ್ಸ್’. ಟೈಮ್‌ಔಟ್ ಎಂದರೆ ಕಾಯುವ ಗರಿಷ್ಠ ಸಮಯ. ಮುಂದೆ ಯಾರೋ ಗಿಟ್ ಬ್ಲೇಮ್ (ಪ್ರತಿ ಸಾಲನ್ನೂ ಕೊನೆಯದಾಗಿ ಬದಲಿಸಿದ ಕಮಿಟ್ ತೋರಿಸುವ ಕಮಾಂಡ್) ಹಾಕಿ ಈ ಸಾಲಿಗೆ ಬಂದರೆ, 90 ಅನ್ನು ಇಳಿಸಬಹುದೋ ಬಾರದೋ ಎಂದು ತೀರ್ಮಾನಿಸಲು ಅವರ ಕೈಯಲ್ಲಿ ಏನೂ ಇಲ್ಲ. ಅದನ್ನೇ ನಾನು ಹೀಗೆ ಬರೆಯುತ್ತೇನೆ:

ರಿಪೋರ್ಟ್: ಡೌನ್‌ಲೋಡ್ ಟೈಮ್‌ಔಟ್ 90 ಸೆಕೆಂಡಿಗೆ ಏರಿಸು

ದೊಡ್ಡ ರಿಪೋರ್ಟ್ ತಯಾರಾಗಲು ಒಂದು ನಿಮಿಷಕ್ಕಿಂತ
ಹೆಚ್ಚು ಹಿಡಿಯುತ್ತದೆ. 30 ಸೆಕೆಂಡಿಗೇ ಕನೆಕ್ಷನ್ ಕಡಿದು,
ಬಳಕೆದಾರರು ಮತ್ತೆ ಮತ್ತೆ ಬಟನ್ ಒತ್ತುತ್ತಿದ್ದರು.
ರಿಪೋರ್ಟನ್ನು ಬ್ಯಾಕ್‌ಗ್ರೌಂಡಿನಲ್ಲಿ ತಯಾರಿಸುವ ಕೆಲಸ
ಮುಗಿದ ಮೇಲೆ ಇದನ್ನು ಮತ್ತೆ ಇಳಿಸಬಹುದು.

ಕೊನೆಯ ವಾಕ್ಯ ಗಮನಿಸಿ. ಈ ಬದಲಾವಣೆ ತಾತ್ಕಾಲಿಕ ಎನ್ನುವುದು ಡಿಫ್‌ನಲ್ಲಿ ಎಲ್ಲೂ ಕಾಣುವುದಿಲ್ಲ. ನೀವು ಯೋಚಿಸಿ ಕೈಬಿಟ್ಟ ದಾರಿಯೂ ಹಾಗೆಯೇ. ಅದನ್ನೂ ಒಂದು ಸಾಲಿನಲ್ಲಿ ಬರೆದಿಟ್ಟರೆ ಇನ್ನೊಬ್ಬರು ಅದೇ ದಾರಿಯಲ್ಲಿ ಹೋಗಿ ವಾಪಸ್ ಬರುವುದು ತಪ್ಪುತ್ತದೆ.

ಮೊದಲ ಸಾಲು 50 ಅಕ್ಷರದ ಆಸುಪಾಸಿನಲ್ಲಿರಲಿ. ಎರಡನೇ ಸಾಲು ಖಾಲಿ ಬಿಡಲೇಬೇಕು. ಬಿಡದಿದ್ದರೆ ಗಿಟ್ ಮೊದಲ ಪ್ಯಾರಾವನ್ನೆಲ್ಲ ಶೀರ್ಷಿಕೆ ಎಂದು ತಿಳಿದು, ಒನ್‌ಲೈನ್ ಲಾಗ್‌ನಲ್ಲಿ (ಕಮಿಟ್‌ಗೆ ಒಂದೇ ಸಾಲು ತೋರಿಸುವ ಪಟ್ಟಿಯಲ್ಲಿ) ಉದ್ದಕ್ಕೆ ಅಂಟಿಸಿ ತೋರಿಸುತ್ತದೆ. ವಿವರದ ಸಾಲುಗಳನ್ನು 72 ಅಕ್ಷರಕ್ಕೆ ಮುರಿಯಿರಿ. ಗಿಟ್ ಲಾಗ್ ಪ್ರತಿ ಸಾಲನ್ನೂ ನಾಲ್ಕು ಜಾಗ ಒಳಕ್ಕೆ ಸರಿಸುತ್ತದೆ. 80 ಅಕ್ಷರ ಅಗಲದ ಟರ್ಮಿನಲ್ಲಿನಲ್ಲಿ ಎರಡೂ ಬದಿಗೆ ಅಷ್ಟಷ್ಟು ಬಿಟ್ಟರೆ ಉಳಿಯುವುದು 72.

ಕ್ರಿಯಾಪದ ‘ಸೇರಿಸು’, ‘ತೆಗೆ’, ‘ಸರಿಪಡಿಸು’ ಎಂದು ಆಜ್ಞೆಯ ರೂಪದಲ್ಲಿರಲಿ. ಗಿಟ್ ತಾನೇ ಬರೆಯುವ ಮರ್ಜ್ (ಬ್ರಾಂಚ್ ಅಂದರೆ ಕೋಡಿನ ಕವಲುಗಳನ್ನು ಸೇರಿಸುವುದು), ರಿವರ್ಟ್ (ಹಳೆಯ ಕಮಿಟನ್ನು ರದ್ದು ಮಾಡುವುದು) ಮೆಸೇಜುಗಳೂ ಅದೇ ಧಾಟಿಯಲ್ಲಿವೆ. ಹಾಗೆಯೇ ಬರೆಯಬೇಕೆಂದು ಕಡ್ಡಾಯವಿಲ್ಲ, ಆದರೆ ತಂಡದವರೆಲ್ಲ ಒಂದೇ ರೀತಿ ಬರೆಯಬೇಕು. ಬದಲಾವಣೆಯ ಬಗೆಯನ್ನು ಶೀರ್ಷಿಕೆಯ ಮೊದಲಿಗೇ ‘ಫೀಟ್’ (ಹೊಸ ಸೌಲಭ್ಯ), ‘ಫಿಕ್ಸ್’ (ದೋಷ ಸರಿಪಡಿಕೆ) ಎಂದು ಹೇಳುವ ಕನ್ವೆನ್ಷನಲ್ ಕಮಿಟ್ಸ್ ಪದ್ಧತಿ ಬೇಕೋ, ನಾನು ಮೇಲೆ ಮಾಡಿದಂತೆ ಭಾಗದ ಹೆಸರು ಸಾಕೋ, ನೀವೇ ಮಾತಾಡಿ ನಿರ್ಧರಿಸಿ. ಒಪ್ಪಿದ್ದನ್ನು ಒಂದು ಟೆಂಪ್ಲೇಟ್ ಫೈಲಿನಲ್ಲಿ ಬರೆದು, ಗಿಟ್ ಕಾನ್ಫಿಗ್‌ನ ‘ಕಮಿಟ್.ಟೆಂಪ್ಲೇಟ್’‌ಗೆ ಕೊಟ್ಟರೆ ಎಡಿಟರ್ ತೆರೆದಾಗಲೆಲ್ಲ ಅದು ಕಣ್ಣಮುಂದೆ ಇರುತ್ತದೆ.

ಮೆಸೇಜ್ ಬರೆಯಲು ತಿಣುಕಾಡುತ್ತಿದ್ದರೆ ಕಮಿಟ್‌ನಲ್ಲೇ ಎರಡು ಮೂರು ಕೆಲಸ ಸೇರಿಕೊಂಡಿದೆಯೇ ನೋಡಿ. ಶೀರ್ಷಿಕೆಯಲ್ಲಿ ‘ಮತ್ತು’ ಬಂತೆಂದರೆ ನನಗೆ ಅನುಮಾನ ಶುರು. ‘ಗಿಟ್ ಆ್ಯಡ್ -ಪಿ’ ಹಾಕಿದರೆ ಒಂದೇ ಫೈಲಿನ ಬದಲಾವಣೆಗಳನ್ನೂ ತುಂಡು ತುಂಡಾಗಿ ಆರಿಸಿ ಬೇರೆ ಬೇರೆ ಕಮಿಟ್ ಮಾಡಬಹುದು. ‘-ಎಂ’ ಬಳಸಿ ಒಂದೇ ಸಾಲು ಗೀಚುವ ಬದಲು ‘ಗಿಟ್ ಕಮಿಟ್ -ವಿ’ ಹಾಕಿ, ಎಡಿಟರಿನಲ್ಲಿ ಡಿಫ್ ಕೂಡ ಕಾಣುತ್ತದೆ. ಡಿಫ್ ಎದುರಿಗಿದ್ದಾಗ ಕಾರಣ ಬರೆಯುವುದು ಸಲೀಸು. ಆದರೆ ಅಲ್ಲಿ # ಚಿಹ್ನೆಯಿಂದ ಶುರುವಾಗುವ ಸಾಲನ್ನು ಗಿಟ್ ಕಾಮೆಂಟ್ ಎಂದುಕೊಂಡು ಅಳಿಸಿಬಿಡುತ್ತದೆ. ಟಿಕೆಟ್ ನಂಬರನ್ನು ಸಾಲಿನ ಆರಂಭದಲ್ಲಿ ಹಾಗೆ ಬರೆಯಬೇಡಿ.

ರಿವರ್ಟ್ ಮಾಡುವಾಗಲೂ ಇಷ್ಟೇ ಕಾಳಜಿ ಬೇಕು. ಯಾವ ಕಮಿಟ್ ವಾಪಸ್ ಆಯಿತು ಎಂದು ಗಿಟ್ ಬರೆಯುತ್ತದೆ. ಏನು ಕೆಟ್ಟಿತ್ತು ಎಂದು ನೀವೇ ಸೇರಿಸಬೇಕು.

ಪುಶ್ ಮಾಡುವ (ತಂಡದವರು ಹಂಚಿಕೊಳ್ಳುವ ಸರ್ವರಿಗೆ ಕಳಿಸುವ) ಮುನ್ನ ಒಮ್ಮೆ ಲಾಗ್ ಓದಿ. ಕೊನೆಯ ಮೆಸೇಜನ್ನು ‘ಗಿಟ್ ಕಮಿಟ್ --ಅಮೆಂಡ್’ ಹಾಕಿ ತಿದ್ದಬಹುದು, ಅದಕ್ಕೂ ಹಿಂದಿನದಾದರೆ ‘ಗಿಟ್ ರೀಬೇಸ್ -ಐ’ ಕೊಟ್ಟು ‘ರೀವರ್ಡ್’ ಆರಿಸಿ. ಎರಡರಲ್ಲೂ ಕಮಿಟ್ ಹ್ಯಾಶ್ (ಅದರ ಗುರುತಿನ ಸಂಖ್ಯೆ) ಬದಲಾಗುವುದರಿಂದ, ಬೇರೆಯವರು ಆಗಲೇ ಎಳೆದುಕೊಂಡಿರುವ ಬ್ರಾಂಚಿನಲ್ಲಿ ಮಾಡಬೇಡಿ.