ಅಕ್ಟೋಬರ್ ತಿಂಗಳ ಇತಿಹಾಸದ ಪಟ್ಟಿ: ನಾನು ಮಾಡಿದ ಬಗೆ

ಒಂದು ತಿಂಗಳು ಹಿಡಿದುಕೊಂಡು, ಆ ತಿಂಗಳಲ್ಲಿ ಜಗತ್ತಿನಲ್ಲಿ ನಡೆದ ದೊಡ್ಡ ಘಟನೆಗಳನ್ನು ಪಟ್ಟಿ ಮಾಡುವುದು ಸುಲಭ ಅನ್ನಿಸುತ್ತದೆ. ತಾರೀಕು ಇದೆ, ಘಟನೆ ಇದೆ, ಬರೆದರೆ ಮುಗಿಯಿತು, ಅಲ್ವಾ? ನಾನು ಅಕ್ಟೋಬರ್ ಆರಿಸಿಕೊಂಡೆ. ಏನು ನಡೆಯಿತು ಅನ್ನುವುದು ಬೇಗ ಸಿಕ್ಕಿತು. ಯಾವತ್ತು ನಡೆಯಿತು ಅನ್ನುವುದನ್ನು ಗಟ್ಟಿ ಮಾಡಿಕೊಳ್ಳಲು ಅದಕ್ಕಿಂತ ಬಹಳ ಜಾಸ್ತಿ ಹೊತ್ತು ಹಿಡಿಯಿತು.

ಮೊದಲ ಸುತ್ತಿನಲ್ಲಿ ಆರಿಸಲು ಹೋಗಲಿಲ್ಲ. ಕಣ್ಣಿಗೆ ಬಿದ್ದದ್ದನ್ನೆಲ್ಲ ಒಂದು ಎಕ್ಸೆಲ್ ಶೀಟಿಗೆ ಹಾಕಿದೆ. ತಾರೀಕು, ವರ್ಷ, ಜಾಗ, ಒಂದು ಸಾಲಿನ ವಿವರ. ಹುಟ್ಟಿದ ದಿನ, ತೀರಿಕೊಂಡ ದಿನಗಳನ್ನು ಆಗಲೇ ಬಿಟ್ಟೆ. ಅವು ಸೇರಿದರೆ ಪಟ್ಟಿಗೆ ಕೊನೆಯೇ ಇರುವುದಿಲ್ಲ. ಆಮೇಲೆ ಇನ್ನೂ ಒಂದು ಕಾಲಂ ಸೇರಿಸಿದೆ: 'ಯಾವ ಕ್ಯಾಲೆಂಡರ್?' ಇಡೀ ಕೆಲಸದಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಈ ಕಾಲಂ.

ಅದರ ಅಗತ್ಯ ಗೊತ್ತಾಗಿದ್ದು 1917ರ ರಷ್ಯಾದ ಕ್ರಾಂತಿಗೆ ಬಂದಾಗ. ಎಲ್ಲರೂ ಅದನ್ನು ಅಕ್ಟೋಬರ್ ಕ್ರಾಂತಿ ಅನ್ನುತ್ತಾರೆ. ಆಗ ರಷ್ಯಾದಲ್ಲಿ ಹಳೆಯ ಜೂಲಿಯನ್ ಕ್ಯಾಲೆಂಡರ್ ಇತ್ತು. ಲೆನಿನ್ ಮುಂದಾಳತ್ವದ ಬೋಲ್ಶೆವಿಕ್ ಪಕ್ಷದವರು ಅಧಿಕಾರ ಹಿಡಿದದ್ದು ಅದರ ಪ್ರಕಾರ ಅಕ್ಟೋಬರ್ 25. ನಾವು ಬಳಸುವ ಗ್ರೆಗೋರಿಯನ್ ಕ್ಯಾಲೆಂಡರಿನಲ್ಲಿ ಅದು ನವೆಂಬರ್ 7. ಹೊಸ ಸರ್ಕಾರ 1918ರಲ್ಲಿ ಕ್ಯಾಲೆಂಡರ್ ಬದಲಿಸಿತು. ಜನವರಿ 31ರ ಮರುದಿನವೇ ಫೆಬ್ರವರಿ 14 ಆಯಿತು. ಹಾಗಾಗಿ ಈ ಕ್ರಾಂತಿಯನ್ನು ನವೆಂಬರ್ ಪಟ್ಟಿಗೆ ಕಳಿಸಿ, ಅಕ್ಟೋಬರಿನಲ್ಲಿ 'ನವೆಂಬರ್ 7 ನೋಡಿ' ಅಂತ ಒಂದು ಸಾಲು ಬಿಟ್ಟೆ. ಆ ಸಾಲು ಇರಲೇಬೇಕು. ಇಲ್ಲದಿದ್ದರೆ ಓದಿದವರೆಲ್ಲ ಇದೇ ಬಿಟ್ಟುಹೋಗಿದೆಯಲ್ಲ ಅಂತ ಕೇಳುತ್ತಾರೆ.

ಜೂಲಿಯನ್‌ನಿಂದ ಗ್ರೆಗೋರಿಯನ್‌ಗೆ ಮೊದಲ ಸಲ ಕ್ಯಾಲೆಂಡರ್ ಬದಲಾದದ್ದು ಕೂಡ ಅಕ್ಟೋಬರ್ ತಿಂಗಳದ್ದೇ ಘಟನೆ. 1582ರಲ್ಲಿ ಪೋಪ್ 13ನೇ ಗ್ರೆಗರಿಯ ಆದೇಶದಂತೆ ಸ್ಪೇನ್, ಪೋರ್ಚುಗಲ್, ಇಟಲಿಯ ಹೆಚ್ಚಿನ ಭಾಗ ಮತ್ತು ಪೋಲೆಂಡಿನಲ್ಲಿ ಅಕ್ಟೋಬರ್ 4ರ ಗುರುವಾರ ಆದ ಮೇಲೆ ಅಕ್ಟೋಬರ್ 15ರ ಶುಕ್ರವಾರ ಬಂತು. ನಡುವಿನ ಹತ್ತು ತಾರೀಕುಗಳು ಅಲ್ಲಿ ಬರಲೇ ಇಲ್ಲ. ಸ್ಪೇನಿನ ಸಂತ ತೆರೇಸಾ ತೀರಿಕೊಂಡದ್ದು ಸರಿಯಾಗಿ ಆ ರಾತ್ರಿ. ಸಾವುಗಳನ್ನು ಬಿಡುತ್ತೇನೆ ಅಂದವನು ಇದೊಂದನ್ನು ಸುಮ್ನೆ ಆಸೆಗೆ ಇಟ್ಟುಕೊಂಡೆ. ಇದರಿಂದ ಒಂದು ಒಳ್ಳೆಯ ಪರೀಕ್ಷೆಯೂ ಸಿಕ್ಕಿತು. ಯಾವುದಾದರೂ ಪಟ್ಟಿಯಲ್ಲಿ '1582ರ ಅಕ್ಟೋಬರ್ 10, ರೋಮ್' ಅಂತ ಕಂಡರೆ ಆ ಪಟ್ಟಿಯನ್ನು ಪೂರ್ತಿ ಅನುಮಾನದಿಂದಲೇ ನೋಡಬೇಕು. ಲಂಡನ್ ಅಂತ ಇದ್ದರೆ ಮಾತು ಬೇರೆ. ಬ್ರಿಟನ್ ಹೊಸ ಕ್ಯಾಲೆಂಡರಿಗೆ ಬಂದದ್ದು 1752ರಲ್ಲಿ.

ಇದನ್ನೆಲ್ಲ ನೋಡಿ ಒಂದು ನಿಯಮ ಮಾಡಿಕೊಂಡೆ. 1582ಕ್ಕಿಂತ ಹಿಂದಿನದನ್ನು ದಾಖಲೆಯಲ್ಲಿ ಇದ್ದ ಹಾಗೆಯೇ ಬಿಡುವುದು. ಕೊಲಂಬಸ್ ಅಮೆರಿಕದ ದ್ವೀಪಕ್ಕೆ ಕಾಲಿಟ್ಟದ್ದು 1492ರ ಅಕ್ಟೋಬರ್ 12 ಅಂತಲೇ ಇರಲಿ, ಲೆಕ್ಕ ಹಾಕಿ 21 ಮಾಡುವುದು ಬೇಡ. ಆಮೇಲಿನದಕ್ಕೆ ಹೊಸ ತಾರೀಕು ಮುಂದೆ, ಹಳೆಯದು ಪಕ್ಕದಲ್ಲಿ.

ಈ ನಿಯಮಕ್ಕೂ ತಲೆ ತಿನ್ನುವ ಜಾಗ ಅಲಾಸ್ಕ. ರಷ್ಯಾ ಅದನ್ನು 72 ಲಕ್ಷ ಡಾಲರಿಗೆ ಮಾರಿ, 1867ರ ಅಕ್ಟೋಬರ್ 18ರಂದು ಅಮೆರಿಕಕ್ಕೆ ಬಿಟ್ಟುಕೊಟ್ಟಿತು. ಅಲ್ಲಿನ ಜನಕ್ಕೆ ಕ್ಯಾಲೆಂಡರೂ ಬದಲಾಯಿತು, ದಿನ ಎಣಿಸುವ ಗಡಿರೇಖೆಯೂ ಆಚೆಗೆ ಸರಿಯಿತು. ಹಾಗಾಗಿ ಅಕ್ಟೋಬರ್ 6ರ ಶುಕ್ರವಾರದ ಮರುದಿನ ಅಕ್ಟೋಬರ್ 18, ಮತ್ತೆ ಶುಕ್ರವಾರವೇ!

ಇಪ್ಪತ್ತನೇ ಶತಮಾನಕ್ಕೆ ಬಂದರೆ ಈ ಗೋಜಲು ಮುಗಿಯಿತು ಅಂದುಕೊಳ್ಳಬೇಡಿ. ಅಲ್ಲಿ ಕಾಡುವುದು ಗಡಿಯಾರ. ಮೊದಲ ಕೃತಕ ಉಪಗ್ರಹ ಸ್ಪುಟ್ನಿಕ್ ಹಾರಿದ್ದು 1957ರ ಅಕ್ಟೋಬರ್ 4 ಅಂತ ಎಲ್ಲರಿಗೂ ಗೊತ್ತು. ಗ್ರೀನಿಚ್ ಲೆಕ್ಕದಲ್ಲೂ ಮಾಸ್ಕೋ ಲೆಕ್ಕದಲ್ಲೂ ಅದು ಸರಿ. ಆದರೆ ರಾಕೆಟ್ ಮೇಲೆದ್ದ ಕಜಾಕಿಸ್ತಾನದ ಬೈಕನೂರಿನಲ್ಲಿ ನಡುರಾತ್ರಿ ಕಳೆದು 5ನೇ ತಾರೀಕು ಆಗಿತ್ತು. ಕಂಪ್ಯೂಟರಿನಿಂದ ಕಂಪ್ಯೂಟರಿಗೆ, ಇಂಟರ್ನೆಟ್ಟಿನ ಮೂಲವಾದ ಅರ್ಪಾನೆಟ್‌ ಜಾಲದ ಮೊದಲ ಸಂದೇಶ ಹೋದದ್ದು 1969ರ ಅಕ್ಟೋಬರ್ 29ರ ರಾತ್ರಿ ಹತ್ತೂವರೆಗೆ, ಕ್ಯಾಲಿಫೋರ್ನಿಯಾದಲ್ಲಿ. ಆ ಹೊತ್ತಿಗೆ ಗ್ರೀನಿಚ್‌ನಲ್ಲಿ 30ರ ಬೆಳಗು. ಗ್ರೀನಿಚ್ ಅನ್ನೇ ರೇಖಾಂಶ ಎಣಿಸುವ ಜಗತ್ತಿನ ಸೊನ್ನೆ ರೇಖೆ ಅಂತ ವಾಷಿಂಗ್ಟನ್ ಸಮ್ಮೇಳನ ಒಪ್ಪಿದ್ದು ಕೂಡ ಅಕ್ಟೋಬರಿನಲ್ಲೇ, 1884ರಲ್ಲಿ. ಇಂಥ ಕಡೆ ನಾನು ಘಟನೆ ನಡೆದ ಜಾಗದವರು ಬಳಸಿದ ತಾರೀಕನ್ನು ಇಟ್ಟುಕೊಂಡೆ. ಸ್ಪುಟ್ನಿಕ್ ಒಂದಕ್ಕೆ ಮಾತ್ರ ವಿನಾಯಿತಿ ಕೊಟ್ಟು 4 ಅಂತಲೇ ಬರೆದೆ. ಜಗತ್ತೆಲ್ಲ ಒಪ್ಪಿಕೊಂಡ ದಿನವನ್ನು ನಾನೊಬ್ಬ ಬದಲಿಸಿ ಏನು ಪ್ರಯೋಜನ?

ಬಹಳ ಹಳೆಯ ತಾರೀಕುಗಳ ಬಗ್ಗೆ ನನಗೆ ನಂಬಿಕೆ ಕಡಿಮೆ. ಆದರೆ ಗೌಗಮೇಲ ಯುದ್ಧ ಬೇರೆ. ಅಲೆಕ್ಸಾಂಡರ್ ಪರ್ಷಿಯಾದ ಮೂರನೇ ಡೇರಿಯಸ್‌ನನ್ನು ಸೋಲಿಸಿದ್ದು ಕ್ರಿ.ಪೂ. 331ರ ಅಕ್ಟೋಬರ್ 1ರಂದು. ಎರಡು ಸಾವಿರದ ಮುನ್ನೂರು ವರ್ಷ ಹಿಂದಿನ ದಿನ ಇಷ್ಟು ಖಚಿತವಾಗಿ ಹೇಗೆ ಗೊತ್ತು? ಯುದ್ಧಕ್ಕೆ ಹನ್ನೊಂದು ದಿನ ಮುಂಚೆ ಚಂದ್ರಗ್ರಹಣ ಆಗಿತ್ತು. ಬಾಬಿಲೋನಿನ ಖಗೋಳ ಲೆಕ್ಕದವರು ಅದನ್ನು ಮಣ್ಣಿನ ಫಲಕದಲ್ಲಿ ಬರೆದಿಟ್ಟಿದ್ದರು. ಗ್ರಹಣವನ್ನು ಇವತ್ತೂ ಲೆಕ್ಕ ಹಾಕಬಹುದು, ಅದು ಸೆಪ್ಟೆಂಬರ್ 20. ಇಡೀ ಪಟ್ಟಿಯಲ್ಲಿ ನನಗೆ ಅತ್ಯಂತ ಇಷ್ಟವಾದ ಸಾಲು ಇದು.

ಹಲವು ದಿನ ನಡೆದ ಘಟನೆಗೆ ಯಾವ ದಿನ ಹಾಕಬೇಕು? 1962ರ ಕ್ಯೂಬಾ ಬಿಕ್ಕಟ್ಟನ್ನೇ ನೋಡಿ. ಕ್ಯೂಬಾದಲ್ಲಿದ್ದ ಸೋವಿಯತ್ ಕ್ಷಿಪಣಿಗಳ ಫೋಟೋವನ್ನು ಅಮೆರಿಕದ ವಿಮಾನ ತೆಗೆದದ್ದು 14, ಅಮೆರಿಕದ ಅಧ್ಯಕ್ಷ ಕೆನಡಿ ಆ ಫೋಟೋ ನೋಡಿದ್ದು 16, ಟಿವಿಯಲ್ಲಿ ಮಾತಾಡಿದ್ದು 22, ಸೋವಿಯತ್ ನಾಯಕ ಕ್ರುಶ್ಚೇವ್ ಹಿಂದೆ ಸರಿಯಲು ಒಪ್ಪಿದ್ದು 28. ನಾನು 22 ಹಾಕಿದೆ, ಜಗತ್ತಿಗೆ ಗೊತ್ತಾದದ್ದು ಅವತ್ತು. ಹಾಗೆ ಜೋಡಿಸುವಾಗ ಅದರ ಮೇಲಿನ ಸಾಲು ಕಣ್ಣಿಗೆ ಬಿತ್ತು: ಅಕ್ಟೋಬರ್ 20, ಅದೇ 1962, ಚೀನಾ ಸೇನೆ ಭಾರತದ ಗಡಿಯಲ್ಲಿ ದಾಳಿ ಶುರು ಮಾಡಿದ ದಿನ. ಎರಡನ್ನೂ ಬೇರೆಬೇರೆಯಾಗಿ ಓದಿದ್ದೆ. ಒಂದೇ ವಾರದಲ್ಲಿ ನಡೆದವು ಅಂತ ಹೊಳೆದದ್ದು ಪಟ್ಟಿ ಮಾಡಿದ್ದರಿಂದಲೇ. ತಿಂಗಳ ಪಟ್ಟಿಯಿಂದ ನಿಜವಾದ ಲಾಭ ಏನಾದರೂ ಇದ್ದರೆ ಇದು.

ಒಪ್ಪಂದಗಳಲ್ಲಿ ಸಹಿಯ ದಿನ ಬೇರೆ, ಜಾರಿಗೆ ಬಂದ ದಿನ ಬೇರೆ. ವಿಶ್ವಸಂಸ್ಥೆಯ ಸನ್ನದಿಗೆ ಸಹಿ ಬಿದ್ದದ್ದು 1945ರ ಜೂನ್ 26, ಜಾರಿಗೆ ಬಂದದ್ದು ಅಕ್ಟೋಬರ್ 24. ನಾನು ಯಾವಾಗಲೂ ಜಾರಿಯ ದಿನವನ್ನೇ ತೆಗೆದುಕೊಂಡೆ.

ಇನ್ನು ಯಾವುದು ದೊಡ್ಡದು, ಯಾವುದು ಚಿಕ್ಕದು? 1871ರ ಅಕ್ಟೋಬರ್ 8ರ ರಾತ್ರಿ ಚಿಕಾಗೋದಲ್ಲಿ ಬೆಂಕಿ ಬಿತ್ತು, ಸುಮಾರು 300 ಜನ ಸತ್ತರು. ಎಲ್ಲ ಪಟ್ಟಿಗಳಲ್ಲೂ ಅದು ಇದೆ. ಅದೇ ರಾತ್ರಿ ವಿಸ್ಕಾನ್ಸಿನ್‌ನ ಪೆಶ್ಟಿಗೊ ಎಂಬ ಊರು ಕಾಡ್ಗಿಚ್ಚಿಗೆ ಸುಟ್ಟುಹೋಗಿ, ಅಲ್ಲೂ ಸುತ್ತಮುತ್ತಲೂ ಸಾವಿರಕ್ಕೂ ಹೆಚ್ಚು ಜನ ಸತ್ತರು. ಅದು ಹೆಚ್ಚಿನ ಪಟ್ಟಿಗಳಲ್ಲಿ ಇಲ್ಲ. ನಾನು ಪೆಶ್ಟಿಗೊವನ್ನು ಮೇಲೆ ಬರೆದು ಚಿಕಾಗೋವನ್ನು ಕೆಳಗೆ ಬರೆದೆ. ಅದೇ ರೀತಿ 1846ರ ಅಕ್ಟೋಬರ್ 16ರಂದು ಬಾಸ್ಟನ್‌ನಲ್ಲಿ ವಿಲಿಯಂ ಮಾರ್ಟನ್ ಈಥರ್ ಕೊಟ್ಟು, ನೋವಿಲ್ಲದೆ ಶಸ್ತ್ರಚಿಕಿತ್ಸೆ ಮಾಡಬಹುದು ಅಂತ ಎಲ್ಲರೆದುರು ತೋರಿಸಿದ್ದನ್ನು ಬ್ರಿಟನ್ ಗೆದ್ದ ಟ್ರಫಾಲ್ಗರ್ ನೌಕಾಯುದ್ಧಕ್ಕಿಂತ ಉದ್ದವಾಗಿ ಬರೆದೆ. ಆಪರೇಷನ್ ಮಾಡಿಸಿಕೊಂಡ ಯಾರೂ ಇದಕ್ಕೆ ತಕರಾರು ಮಾಡಲಿಕ್ಕಿಲ್ಲ.

ದಿನಕ್ಕೆ ಒಂದೇ ಘಟನೆ ಅನ್ನುವ ನಿಯಮ ಮಾತ್ರ ಬೇಡ. ಅಕ್ಟೋಬರ್ 14 ಒಂದರಲ್ಲೇ 1066ರ ಇಂಗ್ಲೆಂಡಿನ ಹೇಸ್ಟಿಂಗ್ಸ್ ಯುದ್ಧ, 1947ರಲ್ಲಿ ಅಮೆರಿಕದ ಪೈಲಟ್ ಚಕ್ ಯೇಗರ್ ಶಬ್ದದ ವೇಗ ಮೀರಿ ಹಾರಿದ್ದು, 1956ರಲ್ಲಿ ಅಂಬೇಡ್ಕರ್ ನಾಗಪುರದಲ್ಲಿ ಲಕ್ಷಾಂತರ ಜನರೊಂದಿಗೆ ಬೌದ್ಧ ಧರ್ಮ ಸ್ವೀಕರಿಸಿದ್ದು ಎಲ್ಲ ಇವೆ. ಯಾವುದನ್ನು ಬಿಡುತ್ತೀರಿ?

ಕೊನೆಗೆ ಶೀಟಿನ ಕೆಳಗೆ 'ತಿಂಗಳು ಗೊತ್ತು, ದಿನ ಇಲ್ಲ' ಅಂತ ಒಂದು ಭಾಗ ಮಾಡಿದೆ. ಯುದ್ಧ, ಘೋಷಣೆ, ಅಪಘಾತಗಳಿಗೆ ತಾರೀಕು ಸಿಗುತ್ತದೆ. ನಿಧಾನವಾಗಿ ಬಂದದ್ದಕ್ಕೆ ಸಿಗುವುದಿಲ್ಲ. 1347ರ ಅಕ್ಟೋಬರಿನಲ್ಲಿ ಕಪ್ಪು ಸಮುದ್ರದ ಕಡೆಯಿಂದ ಬಂದ ಹಡಗುಗಳ ಜೊತೆ ಸಿಸಿಲಿಯ ಮೆಸ್ಸಿನಾ ಬಂದರಿಗೆ ಪ್ಲೇಗ್ ಬಂತು. ಕೆಲವೇ ವರ್ಷಗಳಲ್ಲಿ ಅದು ಯುರೋಪಿನ ಜನರಲ್ಲಿ ಮೂರನೇ ಒಂದು ಭಾಗವನ್ನಾದರೂ ತೆಗೆದುಕೊಂಡು ಹೋಯಿತು. ಅದಕ್ಕೆ ಒಂದು ದಿನ ಗೊತ್ತು ಮಾಡಲು ಆಗುವುದಿಲ್ಲ ಅಂತ ಪಟ್ಟಿಯಿಂದಲೇ ಬಿಡುವುದು ನನಗೆ ಒಪ್ಪಿಗೆಯಾಗಲಿಲ್ಲ. ತಾರೀಕಿನ ಕಾಲಂ ಖಾಲಿ ಬಿಟ್ಟು ಬರೆದೆ.