ಅಡುಗೆಮನೆಯಿಂದ ಬರುತ್ತಿದ್ದ ‘ಹೆಬ್ಬೆರಳು!’

ನಾನು ಪಿಯಾನೊ ಕಲಿತಿದ್ದು ಬೆಂಗಳೂರಿನ ಕುಕ್ ಟೌನ್‌ನ ಒಂದು ಹಳೇ ಹೆಂಚಿನ ಮನೆಯಲ್ಲಿ. ಆಗ ನನಗೆ ಒಂಬತ್ತು ವರ್ಷ. ಕಲಿಸಿದವರು ಆಂಗ್ಲೋ ಇಂಡಿಯನ್. ಎಲ್ಲರಿಗೂ ಅವರು ಬರೀ ‘ಮಿಸ್’. ಅವರ ಕನ್ನಡದಲ್ಲಿ ಇಂಗ್ಲಿಷ್, ತಮಿಳು ಎರಡೂ ಬೆರೆತಿರುತ್ತಿತ್ತು.

ನಮ್ಮ ಮನೆಯಲ್ಲಿ ಪಿಯಾನೊ ಇರಲಿಲ್ಲ. ಅಪ್ಪ ತಂದುಕೊಟ್ಟಿದ್ದು 61 ಕೀಗಳ ಒಂದು ಕೀಬೋರ್ಡು. ಪಿಯಾನೊದಲ್ಲಿ 88 ಇರುತ್ತವೆ. ಕೀ ಕಡಿಮೆ ಇದ್ದಿದ್ದು ದೊಡ್ಡ ತೊಂದರೆಯಲ್ಲ, ಅವುಗಳಿಗೆ ತೂಕವೇ ಇರಲಿಲ್ಲ. ಮೆಲ್ಲಗೆ ಒತ್ತಿದರೂ ಅದೇ ಸದ್ದು, ಗುದ್ದಿದರೂ ಅದೇ ಸದ್ದು. ಇದು ಗೊತ್ತಾದ ದಿನ ಮಿಸ್, ‘ಕ್ಲಾಸಿಗೆ ಅರ್ಧ ಗಂಟೆ ಮುಂಚೆ ಬಾ ಮಗಾ, ಇಲ್ಲೇ ಪ್ರಾಕ್ಟೀಸ್ ಮಾಡು’ ಅಂದರು. ಆ ಅರ್ಧ ಗಂಟೆಗೆ ಫೀಸು ಇರಲಿಲ್ಲ.

ನಾನು ಹಾಲ್‌ನಲ್ಲಿ ಸಿ ಮೇಜರ್ ಸ್ಕೇಲ್, ಅಂದರೆ ಸಿ ಸ್ವರದಿಂದ ಮೆಟ್ಟಿಲು ಮೆಟ್ಟಿಲಾಗಿ ಹತ್ತುವ ಸ್ವರಗಳ ಸಾಲು, ನುಡಿಸುತ್ತಿದ್ದೆ. ಅವರು ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದರು. ಮಧ್ಯೆ ಮಧ್ಯೆ ಅಲ್ಲಿಂದ ಒಂದೇ ಕೂಗು: ‘ಹೆಬ್ಬೆರಳು!’ ಗೋಡೆಯಲ್ಲಿ ಎಲ್ಲೋ ತೂತಿದೆ ಅಂತಲೇ ನಾನು ನಂಬಿದ್ದೆ. ಒಂದು ದಿನ ಕ್ಯಾಲೆಂಡರ್ ಎತ್ತಿಯೂ ನೋಡಿದ್ದೆ.

ಗುಟ್ಟು ಇಷ್ಟೇ. ಬಲಗೈಯಲ್ಲಿ ಈ ಸ್ಕೇಲ್ ಹತ್ತುವಾಗ ಮೊದಲ ಮೂರು ಸ್ವರ ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳಿಗೆ. ನಾಲ್ಕನೆಯದಾದ ಎಫ್‌ಗೆ ಹೆಬ್ಬೆರಳು ಮತ್ತೆ ಬರಬೇಕು, ಅದೂ ಮಧ್ಯದ ಬೆರಳಿನ ಕೆಳಗೆ ನುಸುಳಿ. ತಡವಾಗಿ ಹೊರಟ ಹೆಬ್ಬೆರಳು ಅವಸರದಲ್ಲಿ ಬಂದು ಬೀಳುತ್ತದೆ. ಅದರ ಹಿಂದೆ ಇಡೀ ಕೈಯ ಭಾರ ಇರುತ್ತದೆ. ಎಫ್ ಮಾತ್ರ ದಪ್ಪಗೆ ಕೇಳುತ್ತದೆ. ಮಿಸ್‌ಗೆ ನೋಡುವ ಅಗತ್ಯವೇ ಇರಲಿಲ್ಲ. ಅವರು ಹೇಳಿಕೊಟ್ಟ ಉಪಾಯವನ್ನು ಇವತ್ತಿಗೂ ಹಾಗೇ ಹೇಳಿಕೊಡುತ್ತೇನೆ: ತೋರುಬೆರಳು ಕೀ ಮುಟ್ಟಿದ ತಕ್ಷಣ ಹೆಬ್ಬೆರಳು ಒಳಗೆ ಹೊರಡಲಿ, ಮೊದಲೇ ಹೋಗಿ ಕಾಯಲಿ. ಆಮೇಲೆ ಬೇಕಂತಲೇ ಎಫ್ ಅನ್ನು ಎಲ್ಲಕ್ಕಿಂತ ಮೆಲ್ಲಗೆ ನುಡಿಸಿ. ಹತ್ತು ದಿನ ನಿಧಾನಕ್ಕೆ ಮಾಡಿದರೆ ಸದ್ದು ಸಮವಾಗುತ್ತಾ ಬರುತ್ತದೆ.

ನಾನು ಕಲಿಸಲು ಶುರು ಮಾಡಿದಾಗ ಇಪ್ಪತ್ನಾಲ್ಕು ವರ್ಷ. ಮೊದಲನೇ ಶಿಷ್ಯ ಒಂಬತ್ತು ವರ್ಷದ ಹುಡುಗ. ತಪ್ಪಿದಲ್ಲೆಲ್ಲ ನಿಲ್ಲಿಸಿ ತಿದ್ದುತ್ತಿದ್ದೆ. ನನ್ನಷ್ಟು ಗಮನ ಕೊಡುವ ಟೀಚರ್ ಯಾರಿದ್ದಾರೆ ಅನ್ನೋ ಜಂಬ ಬೇರೆ. ಎರಡು ತಿಂಗಳಿಗೆ ಹುಡುಗ ಬರುವುದು ನಿಲ್ಲಿಸಿದ. ಅವರಮ್ಮ ಫೋನಿನಲ್ಲಿ ‘ಅವನಿಗೆ ಈಜು ಇಷ್ಟವಂತೆ’ ಅಂದರು.

ಮಿಸ್ ಹತ್ತಿರ ಹೋಗಿ ಹೇಳಿಕೊಂಡೆ. ‘ಒಂದು ಕ್ಲಾಸಲ್ಲಿ ಎಷ್ಟು ಸಲ ನಿಲ್ಲಿಸ್ತೀಯ?’ ಅಂತ ಕೇಳಿದರು. ಯಾರು ಎಣಿಸಿದ್ದಾರೆ? ಎದ್ದು ಹೋಗಿ ಒಂದು ಹಿಡಿ ಹುಣಸೆ ಬೀಜ ತಂದು ಕೊಟ್ಟರು. ಮಗುವನ್ನು ನಿಲ್ಲಿಸಿದಾಗಲೆಲ್ಲ ಒಂದು ಬೀಜ ಬಟ್ಟಲಿಗೆ ಹಾಕಬೇಕು, ಅಷ್ಟೇ. ಬೇರೆ ಬುದ್ಧಿವಾದ ಇಲ್ಲ.

ಮುಂದಿನ ಹುಡುಗಿಯ ಅರ್ಧ ಗಂಟೆಯ ಕ್ಲಾಸಿಗೆ ಹದಿನೇಳು ಬೀಜ ಬಿದ್ದವು. ನನಗೇ ನಾಚಿಕೆಯಾಯಿತು. ಬೀಜ ಕಡಿಮೆ ಮಾಡಬೇಕಾದರೆ ಮೊದಲು ಪೂರ್ತಿ ಕೇಳಲೇಬೇಕು. ಪೂರ್ತಿ ಕೇಳಿದರೆ, ಹತ್ತು ತಪ್ಪಿನಲ್ಲಿ ಆರು ಒಂದೇ ಕಾರಣಕ್ಕೆ ಆಗಿವೆ ಅಂತ ಗೊತ್ತಾಗುತ್ತದೆ. ಸಾಮಾನ್ಯವಾಗಿ ಒಂದು ಬೆರಳು ತಪ್ಪು ಜಾಗದಲ್ಲಿ ಕೂತಿರುತ್ತದೆ, ಅದರಿಂದ ಮುಂದಿನದೆಲ್ಲ ಕೆಡುತ್ತದೆ. ಅಲ್ಲಿ ಪೆನ್ಸಿಲಿನಲ್ಲಿ ಬೆರಳಿನ ನಂಬರ್ ಬರೆಯುತ್ತೇನೆ. ಹೆಬ್ಬೆರಳು 1, ಕಿರುಬೆರಳು 5. ತಪ್ಪಿದ ಜಾಗದ ಹಿಂದಿನ ಎರಡು ಸ್ವರ, ಮುಂದಿನ ಎರಡು ಸ್ವರ, ಇಷ್ಟನ್ನೇ ಮೂರು ಸಲ ಸರಿಯಾಗಿ ನುಡಿಸಿಸುತ್ತೇನೆ. ಇಡೀ ಹಾಡನ್ನು ಮೊದಲಿಂದ ಶುರು ಮಾಡಿಸುವುದಿಲ್ಲ. ಹಾಗೆ ಮಾಡಿದರೆ ಬರುವ ಭಾಗವೇ ಇನ್ನೂ ಚೆನ್ನಾಗಿ ಬರುತ್ತದೆ, ಬಾರದ್ದು ಹಾಗೇ ಉಳಿಯುತ್ತದೆ, ಅಲ್ವಾ? ಈಗ ನಾಲ್ಕೈದು ಬೀಜಕ್ಕೆ ಕ್ಲಾಸು ಮುಗಿಯುತ್ತದೆ. ನನಗೆ ತಲೆನೋವಿದ್ದ ದಿನ ಮಾತ್ರ ಲೆಕ್ಕ ತಪ್ಪುತ್ತದೆ.

ಪರೀಕ್ಷೆಯ ವಿಷಯ ಹೇಳದಿದ್ದರೆ ಆಗಲ್ಲ. ಇಲ್ಲಿ ಹೆಚ್ಚಿನ ಮಕ್ಕಳು ಕಟ್ಟುವುದು ಲಂಡನ್‌ನ ಗ್ರೇಡ್ ಪರೀಕ್ಷೆಗಳು. ನಾನು ಕಟ್ಟಿದ್ದರಲ್ಲಿ ಒಟ್ಟು 150 ಅಂಕ, ಪಾಸಾಗಲು 100. ಮೂರು ಕೃತಿಗಳಿಗೇ 90 ಅಂಕ. ಉಳಿದದ್ದು ಸ್ಕೇಲು, ನೋಡಿದ ತಕ್ಷಣ ನುಡಿಸುವುದು, ಕಿವಿಯ ಪರೀಕ್ಷೆ. ಹೀಗಾಗಿ ವರ್ಷವಿಡೀ ಮೂರೇ ಕೃತಿ ಉರು ಹೊಡೆಯುವ ಮಕ್ಕಳಿದ್ದಾರೆ. ಐದನೇ ಗ್ರೇಡ್ ಮುಗಿಸಿದ ಹುಡುಗನ ಮುಂದೆ ಎರಡನೇ ಗ್ರೇಡಿನ ಹೊಸ ಪುಟ ಇಟ್ಟರೆ ತಡವರಿಸುತ್ತಾನೆ. ಮಿಸ್ ಇದಕ್ಕೆ ಅವಕಾಶವೇ ಕೊಡಲಿಲ್ಲ. ಪರೀಕ್ಷೆ ಇರಲಿ ಬಿಡಲಿ, ಪ್ರತಿ ವಾರ ಒಂದು ಹೊಸ ಸುಲಭದ ತುಣುಕು ಓದಲೇಬೇಕಿತ್ತು. ಒಮ್ಮೆ ನನಗೆ 104 ಬಂದಿತ್ತು. ಮಿಸ್ ಅಂಕದ ಸಾಲನ್ನು ಬೆರಳಿನಿಂದ ಮುಚ್ಚಿಕೊಂಡು ಪರೀಕ್ಷಕರು ಬರೆದ ಮಾತುಗಳನ್ನಷ್ಟೇ ಜೋರಾಗಿ ಓದಿದರು, ಆಮೇಲೆ ಹಾಳೆ ಮಡಚಿ ಕೊಟ್ಟರು. ಈಗ ನನ್ನ ಹತ್ತಿರ ಬರುವ ತಂದೆತಾಯಿಗಳು ಮೊದಲು ಕೇಳುವುದೇ ‘ಯಾವಾಗ ಯಾವ ಗ್ರೇಡ್?’ ಅಂತ. ಎಲ್ಲರನ್ನೂ ಒಪ್ಪಿಸಲು ಆಗಿಲ್ಲ. ಇಬ್ಬರು ಬೇರೆ ಟೀಚರ್ ಹುಡುಕಿಕೊಂಡು ಹೋದರು.

ಮಿಸ್ ಮಾಡಿದ್ದೆಲ್ಲ ನನಗೆ ಒಪ್ಪಿಗೆ ಅಂತಲ್ಲ. ಕಿವಿಯಲ್ಲಿ ಕೇಳಿ ನುಡಿಸುವುದು ಅವರಿಗೆ ಹಿಡಿಸುತ್ತಿರಲಿಲ್ಲ. ಅಮ್ಮ ಹಾಡುವ ದೇವರನಾಮವನ್ನು ಸುಮ್ನೆ ಒಂದು ಬೆರಳಲ್ಲಿ ಹುಡುಕುತ್ತಿದ್ದರೆ ‘ಪುಸ್ತಕ ನೋಡು’ ಅಂತಿದ್ದರು. ಪಿಯಾನೊದಲ್ಲಿ ಸ್ವರ ಅಲುಗಾಡುವುದಿಲ್ಲ, ಗಮಕ ಹಿಡಿಯಲು ಆಗುವುದಿಲ್ಲ, ಅದು ನಿಜ. ಆದರೆ ಮನೆಯಲ್ಲಿ ಕೇಳಿದ ಹಾಡನ್ನು ತಾನೇ ಹುಡುಕಿಕೊಂಡ ಮಗುವಿನ ಕಿವಿ ಬೇಗ ಚುರುಕಾಗುತ್ತದೆ. ನನ್ನ ಕ್ಲಾಸಿನಲ್ಲಿ ಕೊನೆಯ ಐದು ನಿಮಿಷ ಅದಕ್ಕೇ ಮೀಸಲು.

ಇನ್ನೊಂದು ನೆನಪು. ಜಿ ಮೇಜರ್‌ನ ಆ ಪುಟ್ಟ ಮಿನ್ಯುಯೆಟ್ (ಯುರೋಪಿನ ಹಳೇ ಕುಣಿತದ ಧಾಟಿ) ಪಿಯಾನೊ ಕಲಿತ ಯಾರಿಗೂ ತಪ್ಪಿದ್ದಲ್ಲ. ಜರ್ಮನಿಯ ಹೆಸರಾಂತ ಸಂಗೀತಗಾರ ಬಾಖ್ ತನ್ನ ಹೆಂಡತಿಗೆ 1725ರಲ್ಲಿ ಕೊಟ್ಟ ನೋಟ್‌ಬುಕ್ಕಿನಲ್ಲಿ ಅದಿದೆ. ಹಾಗಾಗಿ ಅದು ಬಾಖ್‌ನದೇ ಅಂತ ತುಂಬಾ ಕಾಲ ಎಲ್ಲರೂ ನಂಬಿದ್ದರು. 1970ರ ದಶಕದಲ್ಲಿ ಅದು ಕ್ರಿಸ್ಟಿಯಾನ್ ಪೆಟ್ಸೋಲ್ಡ್ ಎಂಬಾತನದು ಅಂತ ಗೊತ್ತಾಯಿತು. ಈ ವಿಷಯ ಓದಿ ಉತ್ಸಾಹದಿಂದ ಮಿಸ್‌ಗೆ ಹೇಳಲು ಓಡಿದೆ. ಅವರು ಟೀ ಸೋಸುತ್ತಾ, ‘ಹೆಸರು ಬದಲಾದ್ರೆ ಬೆರಳು ಬದಲಾಗುತ್ತಾ?’ ಅಂದರು. ಆದರೂ ಮುಂದಿನ ಸಲ ಹೋದಾಗ ಪುಸ್ತಕದಲ್ಲಿ ಬಾಖ್ ಹೆಸರಿನ ಮೇಲೆ ಪೆನ್ಸಿಲ್ ಗೀಟು ಇತ್ತು. ಪಕ್ಕದಲ್ಲಿ ಅವರ ದುಂಡು ಅಕ್ಷರದಲ್ಲಿ ಹೊಸ ಹೆಸರು.

ಅವರು ಹೋಗಿ ಕೆಲವು ವರ್ಷಗಳಾದವು. 2020ರಲ್ಲಿ ಎಲ್ಲ ಕ್ಲಾಸು ಫೋನಿಗೆ ಬಂದಾಗ ಅವರು ಇರಲಿಲ್ಲ, ಇದ್ದಿದ್ದರೆ ಬೈಯುತ್ತಿದ್ದರು. ವಿಡಿಯೊ ಆ್ಯಪ್‌ಗಳು ಪಿಯಾನೊದ ಸದ್ದನ್ನು ಗಲಾಟೆ ಅಂದುಕೊಂಡು ಕತ್ತರಿಸಿಬಿಡುತ್ತಿದ್ದವು. ಉದ್ದನೆಯ ಸ್ವರ ಅರ್ಧಕ್ಕೇ ಮಾಯ. ಆಮೇಲೆ ಮಕ್ಕಳಿಗೆ ರೆಕಾರ್ಡ್ ಮಾಡಿ ಕಳಿಸಲು ಹೇಳಿದೆ. ಅದನ್ನು ಅಡುಗೆ ಮಾಡುತ್ತಾ ಕೇಳುತ್ತಿದ್ದೆ.

ಆಗ ಅಭ್ಯಾಸವಾಯಿತೋ ಏನೋ. ಹೋದ ತಿಂಗಳು ಹೊಸ ಹುಡುಗಿಯೊಬ್ಬಳು ಕ್ಲಾಸಿಗೆ ಮುಂಚೆಯೇ ಬಂದು ಸ್ಕೇಲ್ ನುಡಿಸುತ್ತಿದ್ದಳು. ನಾನು ಒಳಗೆ ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಬಾಯಿಂದ ತಾನಾಗಿ ‘ಹೆಬ್ಬೆರಳು!’ ಅಂತ ಹೊರಬಂತು. ಪಿಯಾನೊ ಗಪ್ಪನೆ ನಿಂತಿತು. ಸೌಟು ಹಿಡಿದುಕೊಂಡೇ ಹೊರಗೆ ಬಂದು ನೋಡಿದರೆ, ಹುಡುಗಿ ಸ್ಟೂಲಿನ ಮೇಲೆ ಹತ್ತಿ ನಿಂತು ಗೋಡೆಯಲ್ಲಿ ಕ್ಯಾಮೆರಾ ಹುಡುಕುತ್ತಿದ್ದಳು.