ಪತಿಗೆ ಮಗು ಬೇಡವೆಂದಾಗ ನಿರ್ಧಾರ ಮಾಡುವುದು ಹೇಗೆ?

ತನಗೆ ಮಗು ಬೇಕು, ಪತಿಗೆ ಬೇಡ ಎನ್ನುವ ಸ್ಥಿತಿಯಲ್ಲಿರುವ ಹೆಣ್ಣುಮಗಳು ಮೊದಲು ಆ ‘ಬೇಡ’ದ ಅರ್ಥವನ್ನು ಬಿಡಿಸಿಕೊಳ್ಳಬೇಕು. ತೋರಣಗಲ್ಲಿನ ಕಾರ್ಖಾನೆಯಲ್ಲಿ ಎರಡನೆಯ ಪಾಳಿ ಮುಗಿಸಿ, ನಡುರಾತ್ರಿ ಬಳ್ಳಾರಿಯ ಮನೆಯಲ್ಲಿ ಆರಿದ ರೊಟ್ಟಿ ಮುರಿಯುತ್ತ ಕುಳಿತ ಪತಿಯ ಮುಂದೆ ಈ ಮಾತು ತೆಗೆದರೆ ಸಿಗುವುದು ದಣಿವಿನ ಉತ್ತರ. ವಾರದ ರಜೆಯ ಬೆಳಿಗ್ಗೆ ಕೇಳಿ. ಸಾಲ ತೀರುವವರೆಗೆ ಬೇಡ ಎಂದರೆ ಗಡುವು ಕೇಳಬಹುದು. ಎಂದಿಗೂ ಬೇಡ ಎಂದರೆ ಲೆಕ್ಕವೇ ಬೇರೆ.

ಪತಿಗೆ ತಿಳಿಸದೆ ಗರ್ಭನಿರೋಧಕ ಗುಳಿಗೆ ನಿಲ್ಲಿಸುವುದನ್ನೋ ವಂಕಿ (ಕಾಪರ್-ಟಿ) ತೆಗೆಸುವುದನ್ನೋ ನಾನು ಯಾರಿಗೂ ಸೂಚಿಸಲಾರೆ. ಮಗುವಿನ ಮುಖ ನೋಡಿದರೆ ಗಂಡಸು ಕರಗುತ್ತಾನೆ ಎನ್ನುವ ಹಿರಿಯರು, ಕರಗದಿದ್ದರೆ ಮುಂದೇನು ಎಂಬುದನ್ನು ಹೇಳುವುದಿಲ್ಲ. “ಮುಂದಿನ ತಿಂಗಳಿಂದ ಗುಳಿಗೆ ತಗೊಳ್ಳೋದಿಲ್ಲ, ನಿಮಗೆ ಬೇಡವಾದರೆ ನಿಮ್ಮ ಜಾಗ್ರತೆ ನೀವು ಮಾಡಿಕೊಳ್ಳಿ” ಎಂದು ಬಾಯಿಬಿಟ್ಟು ಹೇಳಿ. ಅವರು ದೂರ ಉಳಿದರೆ ಒತ್ತಾಯ ಸಲ್ಲದು.

ಆಗ ದತ್ತಕವೋ ಐವಿಎಫೋ (ಪ್ರನಾಳ ಶಿಶು ಚಿಕಿತ್ಸೆ) ಸುಲಭ ದಾರಿಯೆಂದು ಭಾವಿಸಬೇಡಿ. ದಂಪತಿ ದತ್ತು ಪಡೆಯಲು ಇಬ್ಬರ ಒಪ್ಪಿಗೆ ಕಡ್ಡಾಯ. ದಂಪತಿಯಾಗಿ ಐವಿಎಫ್‌ಗೆ ಹೋದರೂ ಇಬ್ಬರೂ ಲಿಖಿತ ಸಮ್ಮತಿ ನೀಡಬೇಕು. ಆದರೆ ಗರ್ಭ ನಿಂತ ಮೇಲೆ ತೆಗೆಸೆಂದು ಬಲವಂತ ಮಾಡುವ ಹಕ್ಕು ಯಾರಿಗೂ ಇಲ್ಲ: 1971ರ ವೈದ್ಯಕೀಯ ಗರ್ಭಪಾತ ಕಾಯ್ದೆಯ ಪ್ರಕಾರ ವಯಸ್ಕ ಮಹಿಳೆಯ ಸಮ್ಮತಿಯಿಲ್ಲದೆ ಗರ್ಭಪಾತ ಮಾಡುವಂತಿಲ್ಲ. ಬೇಡವೆಂದಿದ್ದರೂ ಸಾಮರ್ಥ್ಯವಿರುವ ತಂದೆ ಮಗುವಿನ ಜೀವನಾಂಶದಿಂದ ತಪ್ಪಿಸಿಕೊಳ್ಳಲಾರ. ಅದಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಿದೆ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಆದಾಯ ಎಷ್ಟೇ ಇದ್ದರೂ ಮಹಿಳೆಯರಿಗೆ ಉಚಿತವಾಗಿ ವಕೀಲರನ್ನು ಒದಗಿಸುತ್ತಾರೆ.

ಕಾನೂನಿಗಿಂತ ಕಠಿಣವಾದದ್ದು ಬಾಣಂತನ. ತವರಿನಲ್ಲಿ ‘ನೋಡೋಣ ಬಿಡು’ ಎಂಬ ಮಾತನ್ನು ಒಪ್ಪಿಗೆಯೆಂದು ತಿಳಿಯಬೇಡಿ. ತಾಯಿಗೆ ಮೊಣಕಾಲು ನೋವಿದ್ದರೆ ಎರೆಯುವವರು ಯಾರು, ಐದನೇ ತಿಂಗಳಿಗೆ ತೊಟ್ಟಿಲು ಹೊತ್ತು ಮರಳಿದ ಮೇಲೆ ನೀವು ಕೆಲಸಕ್ಕೆ ಹೋಗುವ ಹೊತ್ತಿನಲ್ಲಿ ಕೂಸನ್ನು ಹಿಡಿಯುವವರು ಯಾರು, ಆ ಮನೆಯ ಬಾಡಿಗೆ ಯಾರ ಸಂಬಳದಿಂದ ಹೋಗುತ್ತದೆ ಎಂಬುದನ್ನು ಹೆಸರು ಹಿಡಿದು ಬರೆದಿಡಿ. ಹೆಸರಿಲ್ಲದ ಸಾಲು ಉಳಿದರೆ ಗುಳಿಗೆಯನ್ನು ಇನ್ನೂ ನಿಲ್ಲಿಸಬೇಡಿ. ಹತ್ತು ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಯಲ್ಲಿ ದುಡಿಯುವವರಿಗೆ ಮೊದಲೆರಡು ಮಕ್ಕಳಿಗೆ 26 ವಾರಗಳ ವೇತನಸಹಿತ ರಜೆ ಸಿಗಬಹುದು, ಕೂಲಿಯವರಿಗೆ ಆ ಭರವಸೆಯಿಲ್ಲ.

ಗರ್ಭಕ್ಕೆ ಪ್ರಯತ್ನಿಸುವುದಕ್ಕೆ ಒಂದು ತಿಂಗಳಾದರೂ ಮೊದಲೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಆರಂಭಿಸಿ, ರಕ್ತ ಪರೀಕ್ಷೆ ಮಾಡಿಸಿ. ಗರ್ಭಿಣಿಯಾದೊಡನೆ ಆಶಾ ಕಾರ್ಯಕರ್ತೆಯ ಮೂಲಕ ತಾಯಿ ಕಾರ್ಡ್ ಪಡೆಯಿರಿ. ಹೆರಿಗೆಯ ದಿನ ರೂಢಿಯಂತೆ ಗಂಡನ ಸಹಿ ಕೇಳಿದರೆ, ಎಚ್ಚರವಿರುವ ವಯಸ್ಕರಾದ ನಿಮ್ಮ ಸಹಿಯೇ ಸಾಕೆಂದು ಹೇಳಿ. ಎಚ್ಚರ ತಪ್ಪಿದರೆ ಕರೆಯಬೇಕಾದ ಅಕ್ಕನ ಫೋನ್ ನಂಬರನ್ನು ಅದೇ ಕಾರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆದಿಡಿ.